ತೊಟ್ಟಿಯ ಜ್ವರವೋ, ಬಸ್ಸಿನ ಜ್ವರವೋ

ಹೆಂಡತಿ: ಇದು ಸೊಳ್ಳೆ ಜ್ವರಾನೇ! ಹಿತ್ತಲಲ್ಲಿ ಬೆತ್ತ ನೆನೆಸೋ ತೊಟ್ಟಿ ಮುಚ್ಚಿಡಿ ಅಂತ ಎಷ್ಟು ಬಡ್ಕೊಂಡೆ. ಕೇಳಿದ್ರಾ?

ಗಂಡ: (ಕೆಮ್ಮುತ್ತಾ) ಸೊಳ್ಳೆ ಕಚ್ಚಿದ್ರೆ ಕೆಮ್ಮು ಬರುತ್ತೇನೇ? ಹೋದ ವಾರ ನೀನು ಬಸ್ಸಿಂದ ತಂದಿದ್ದು ಇದು. ಊರಿಗೆಲ್ಲ ಟಿಕೆಟ್ ಕೊಟ್ಟು, ನಂಗೆ ಜ್ವರ ಕೊಟ್ಟೆ.

ಅವನು ಕುರ್ಚಿಗಳಿಗೆ ಬೆತ್ತ ಹೆಣೆಯುವವನು, ಅವಳು ಬಸ್ ಕಂಡಕ್ಟರ್. ಡಾಕ್ಟರ ಕೋಣೆಯ ಹೊರಗೆ, ರಕ್ತದ, ಮೂಗಿನ ದ್ರವದ ಪರೀಕ್ಷೆಯ ಚೀಟಿಗಾಗಿ ಕಾಯುತ್ತಿದ್ದಾರೆ. ಸೊಳ್ಳೆಯ ಜ್ವರವೆಂದಾದರೆ ತೊಟ್ಟಿ ಗುಜರಿಗೆ ಹೋಗಬೇಕೆಂದು ಅವಳ ಷರತ್ತು. ತೊಟ್ಟಿ ಹೋದರೆ ಅವನ ಕಸುಬೇ ಹೋದಂತೆ.

ಹೆಂಡತಿ: ಕಣ್ಣಿನ ಹಿಂದೆ ನೋವು ಅಂದ್ರಲ್ಲ, ಅದೂ ನನ್ನ ಬಸ್ಸಿಂದ ಬಂತಾ?

ಗಂಡ: ಅದು ನಿನ್ನ ನೋಡಿ ನೋಡಿ ಬಂದಿದ್ದು.

ಹೆಂಡತಿ: ಮೈಯೆಲ್ಲ ಕೆಂಪಗಾಗಿರೋದು?

ಗಂಡ: ನಾಚಿಕೆ.

ಅಷ್ಟರಲ್ಲಿ ಒಳಗಿಂದ ಕರೆ ಬಂತು. ಡಾಕ್ಟರು ಚೀಟಿಯನ್ನು ಎರಡು ಸಲ ಓದಿದರು.

ಡಾಕ್ಟರ್: ಇಬ್ಬರೂ ಗೆದ್ರಿ. ಡೆಂಗ್ಯೂನೂ ಇದೆ, ಫ್ಲೂನೂ ಇದೆ.

ಗಂಡ: ಒಟ್ಟಿಗೇನಾ? ಒಂದು ಒಳಗಿದ್ದಾಗ ಇನ್ನೊಂದು ಕಾಯಬಾರ್ದಾ?

ಹೆಂಡತಿ: ಎಲ್ಲಿ ಕಾಯ್ತಾರೆ? ಬಾಗಿಲು ತೆಗೆದ್ರೆ ಎಲ್ಲರೂ ಒಟ್ಟಿಗೇ ನುಗ್ತಾರೆ. ದಿನಾ ನೋಡ್ತೀನಲ್ಲ.

ಡಾಕ್ಟರ್: ಸೊಳ್ಳೆ ಪರದೆ ಒಳಗೆ ಮಲಗಿ, ಹತ್ತಿರ ಯಾರಾದ್ರೂ ಬಂದ್ರೆ ಮಾಸ್ಕ್ ಹಾಕ್ಕೊಳ್ಳಿ. ನಿಮ್ಮಷ್ಟಕ್ಕೆ ನೋವಿನ ಮಾತ್ರೆ ನುಂಗಬೇಡಿ. ನಾಳೆ ಮತ್ತೆ ರಕ್ತ ನೋಡ್ಬೇಕು. ಎರಡೂ ಸೇರಿದಾಗ ಸ್ವಲ್ಪ ಹುಷಾರಾಗಿರ್ಬೇಕು.

ಗೆದ್ದ ಖುಷಿ ಹೋಗಿ ಹೆಂಡತಿಗೆ ನಿಜಕ್ಕೂ ಭಯವಾಯಿತು. ಅವಳು ಸುಮ್ಮನಾದದ್ದನ್ನು ನೋಡಿ ಅವನಿಗೂ ಭಯವಾಯಿತು.

ಗಂಡ: ಆಯ್ತು ಬಿಡೇ. ತೊಟ್ಟಿ ಗುಜರಿಗೆ ಹಾಕು.

ಹೆಂಡತಿ: ಹಾಕಲ್ಲ. ಬೆಳಿಗ್ಗೆನೇ ನೀರು ಚೆಲ್ಲಿ, ಉಜ್ಜಿ, ಮೇಲೆ ಹಲಗೆ ಮುಚ್ಚಿ ಬಂದೆ. ಬೆತ್ತ ಒಣಗದ ಹಾಗೆ ಒದ್ದೆ ಬಟ್ಟೇಲಿ ಸುತ್ತಿಟ್ಟಿದ್ದೀನಿ.

ಗಂಡ: ಬೆಳಿಗ್ಗೆನೇ? ಮತ್ತೆ ಇಷ್ಟೊತ್ತು ಯಾಕೆ ಜಗಳ ಆಡ್ದೆ?

ಹೆಂಡತಿ: ನೀವು ಸುಮ್ನೆ ಕೂತ್ರೆ ನಂಗೆ ಹೆದ್ರಿಕೆ ಆಗುತ್ತೆ. ಬೈದ್ರೆ ತಿರುಗಿ ಬೈತೀರಲ್ಲ, ಅಷ್ಟಾದ್ರೂ ಶಕ್ತಿ ಇದೆ ಅಂತ ಸಮಾಧಾನ.

ಡಾಕ್ಟರು ಪೆನ್ನು ಎತ್ತಿಕೊಂಡರು.

ಡಾಕ್ಟರ್: ಒಳ್ಳೆ ಉಪಾಯ. ಬರೆದುಬಿಡ್ಲಾ? ದಿನಕ್ಕೆ ಮೂರು ಸಲ, ಊಟ ಆದ್ಮೇಲೆ.

ಗಂಡ: ಬೇಡ ಡಾಕ್ಟ್ರೇ! ನೀವು ಬರೆದ್ರೆ ಕಮ್ಮಿ ಆಗೋಗುತ್ತೆ. ಮದುವೆ ಆದಾಗಿಂದ ಗಂಟೆಗೊಂದು ಸಲ ತಗೊಳ್ತಿದ್ದೀನಿ.