ಕುಂಕುಮವಿಲ್ಲದ ಟೈಲು

ನನ್ನ ತಮ್ಮ ಸದಾನಂದನ ತಲೆ ಸಾಮಾನ್ಯದ್ದಲ್ಲ. ನಂಜನಗೂಡಿನ ನಮ್ಮ ಟೈಲ್ಸ್ ಕಾರ್ಖಾನೆಯಲ್ಲಿ ಕ್ಯಾಮೆರಾದ ಕಣ್ಣು, ಕಬ್ಬಿಣದ ಕೈ ಇಟ್ಟು ಅವನು ಕಟ್ಟಿದ ‘ತರಿಗಣ್ಣ’ ಯಂತ್ರವನ್ನು ನೋಡಿದ್ದರೆ ನೀವೂ ಒಪ್ಪುತ್ತಿದ್ದಿರಿ.

“ನಮ್ದು ಕಾಲು ಜಾರದ ತರಿತರಿ ಟೈಲು. ಒಂದರ ಹಾಗೆ ಇನ್ನೊಂದಿರಲ್ಲ,” ಎಂದು ಅವನು ಕಂಟ್ರಾಕ್ಟರ್ ಪಾಪೇಗೌಡರಿಗೆ ವಿವರಿಸಿದ. “ಅದಕ್ಕೇ ಈ ಯಂತ್ರಕ್ಕೆ ಐವತ್ತು ಒಳ್ಳೇ ಟೈಲು ತೋರ್ಸಿದೀನಿ. ತರಿ ಎಷ್ಟು ಹೆಚ್ಚುಕಮ್ಮಿ ಇರಬಹುದು ಅಂತ ಇದೇ ಲೆಕ್ಕ ಹಾಕಿ ಕಲ್ತಿದೆ. ಲೆಕ್ಕದೊಳಗಿದ್ರೆ ಲಾರಿಗೆ, ಹೊರಗಿದ್ರೆ ಪುಡಿಯಂತ್ರಕ್ಕೆ. ಪುಡಿ ಮಾಡೋ ಮುಂಚೆ ಇನ್ನೊಂದ್ಸಲ ನೋಡುತ್ತೆ. ಅನ್ಯಾಯ ಮಾಡಲ್ಲ.”

ಗೌಡರ ಕಲ್ಯಾಣಮಂಟಪದ ಆರ್ಡರ್ ಸಿಕ್ಕರೆ ಕಾರ್ಖಾನೆ ಉಳಿಯುತ್ತಿತ್ತು, ಇಲ್ಲವಾದರೆ ಬೀಗವೇ ಗತಿ.

ಸದಾನಂದ ಗುಂಡಿ ಒತ್ತಿದ. ಮೊದಲ ಟೈಲು ಪುಡಿ. ಎರಡನೆಯದೂ ಪುಡಿ. ಆಮೇಲೆ ಬಂದದ್ದೆಲ್ಲ ಪುಡಿ.

“ನಿನ್ ಮಾಲು ಕಳಪೆ ಅಂತ ನಿನ್ ಮಿಷನ್ನೇ ಹೇಳ್ತಾ ಇದೆಯಲ್ಲಯ್ಯ!” ಎಂದರು ಗೌಡರು.

ತಮ್ಮ ನನ್ನ ಕಡೆ ತಿರುಗಿದ. “ಅಕ್ಕ, ಆ ಐವತ್ತು ಟೈಲಿಗೆ ಏನ್ ಮಾಡ್ದೆ?”

“ಪೂಜೆ ಮಾಡ್ದೆ. ನಡುಮಧ್ಯೆ ಕುಂಕುಮ ಇಟ್ಟೆ.”

“ಐವತ್ತಕ್ಕೂ?”

“ಒಂದಕ್ಕಿಟ್ಟು ಒಂದಕ್ಕೆ ಬಿಡೋಕಾಗುತ್ತಾ?”

ಅವನು ತಲೆಯ ಮೇಲೆ ಕೈಹೊತ್ತು ಕುಳಿತ. ಒಳ್ಳೆಯ ಟೈಲೆಂದರೆ ಕುಂಕುಮವಿಟ್ಟ ಟೈಲು ಎಂದು ಯಂತ್ರ ಕಲಿತುಬಿಟ್ಟಿತ್ತು. ನಾನು ಕುಂಕುಮದ ಭರಣಿ ಹಿಡಿದು ಟೈಲು ಸಾಗಿಬರುವ ಬೆಲ್ಟಿನ ಪಕ್ಕ ನಿಂತು, ಬಂದ ಟೈಲಿಗೆಲ್ಲ ಬೊಟ್ಟಿಟ್ಟೆ. ತರಿಗಣ್ಣ ಒಂದೊಂದನ್ನೂ ಮಗುವಿನಂತೆ ಎತ್ತಿ ಲಾರಿಯಲ್ಲಿಟ್ಟ. ಕಟ್ಟಿದವನು ತಮ್ಮ, ಪಾಠ ಹೇಳಿದವಳು ನಾನು! ನನಗಂತೂ ಹೆಮ್ಮೆಯೋ ಹೆಮ್ಮೆ.

ಗೌಡರು ಸುಮ್ಮನಿರಬಾರದೇ? “ಅದೆಂಥ ಕಣ್ಣು, ನೋಡನ,” ಎಂದು ಬಗ್ಗಿದರು. ಕ್ಯಾಮೆರಾಗೆ ಅವರ ಬೋಳುತಲೆ ಕಾಣಿಸಿತು. ತರಿಯೂ ಇಲ್ಲ, ಕುಂಕುಮವೂ ಇಲ್ಲ. ಯಂತ್ರದ ಕೈ ಅವರನ್ನು ಕಾಲರ್ ಹಿಡಿದು ಎತ್ತಿ ಪುಡಿಯಂತ್ರದತ್ತ ತಿರುಗಿತು.

“ಬಿಡಿಸ್ರವ್ವಾ!”

“ಸ್ವಿಚ್ ಆ ಕಡೆ ಇದೆ ಗೌಡ್ರೇ, ಒಂದ್ನಿಮಿಷ!” ಎಂದು ಸದಾನಂದ ಓಡಿದ.

ನಾನು ಭರಣಿಗೆ ಕೈಹಾಕಿ, ಸಿಕ್ಕಷ್ಟು ಕುಂಕುಮವನ್ನು ಗೌಡರ ತಲೆಗೆ ಬಳಿದೆ. ತರಿಗಣ್ಣ ಇನ್ನೊಂದು ಸಲ ನೋಡಿ, ಅವರನ್ನು ಮೆಲ್ಲಗೆ ಲಾರಿಯಲ್ಲಿ ಕೂರಿಸಿದ.

ಉಸಿರು ಬಂದಮೇಲೆ ಗೌಡರು ಗುಡುಗಿದರು. “ಕುಂಕುಮ ಇಟ್ಟ ಟೈಲನ್ನ ಯಾವನಯ್ಯ ತುಳೀತಾನೆ? ನನ್ನ ಮಂಟಪದ ನೆಲಕ್ಕೆ ಬ್ಯಾಡ!”

ಆರ್ಡರ್ ಹೋಯಿತೆಂದು ನಾನು ಭರಣಿಯ ಮುಚ್ಚಳ ಹಾಕಿದೆ. ಗೌಡರು ಸುತ್ತಲಿನ ಟೈಲುಗಳನ್ನು ನೋಡುತ್ತ ಗಲ್ಲ ಕೆರೆದುಕೊಂಡರು.

“ಕಾಂಪೌಂಡ್ ಗೋಡೆಗೆ ಹಾಕ್ಸಿದ್ರೆ ಮಾತ್ರ, ಒಬ್ಬನೂ ಅಲ್ಲಿ ನಿಂತು ಉಚ್ಚೆ ಹುಯ್ಯಕ್ಕಿಲ್ಲ. ಅಷ್ಟೂ ಗೋಡೆಗೆ ಮಾಡ್ಕೊಡಿ. ಬೊಟ್ಟು ಅಳಿಸದಂಗಿರಬೇಕು.”

“ಅದಕ್ಕೇ ಅಂತ್ಲೇ ಮಾಡಿದ್ದು ಗೌಡ್ರೇ,” ಎಂದ ಸದಾನಂದ ಎದೆಯುಬ್ಬಿಸಿ. ನನ್ನ ತಮ್ಮನೇ ತಾನೆ, ನಾನು ಎದುರಾಡಲಿಲ್ಲ.

ತಲೆಯ ಕುಂಕುಮವನ್ನು ಮಾತ್ರ ಗೌಡರು ನಮ್ಮ ಗೇಟು ದಾಟುವವರೆಗೂ ಒರೆಸಿಕೊಳ್ಳಲಿಲ್ಲ.