ಇನ್ನೊಂದು ಅಲಗು ತೋರಸ್ರಿ

ಸೀರೆ ಅಂಗಡಿ ಇಟ್ಟವನಿಗೆ ನರಕದ ಭಯ ಇರುವುದಿಲ್ಲ. ಅದನ್ನು ಅವನು ಗಲ್ಲೆಯ ಮೇಲೆ ಕೂತೇ ನೋಡಿರುತ್ತಾನೆ. ಸಾಂಗ್ಲಿಯಲ್ಲಿ ನನ್ನದೊಂದು ಸಣ್ಣ ಸೀರೆ ಅಂಗಡಿ. ಬಂದವರು ಗಾದಿಯ ಮೇಲೆ ಕುಳಿತು ರಾಶಿ ಸೀರೆ ಬಿಚ್ಚಿಸಿ, "ಸೆರಗು ಇದ ಇರಲ್ರಿ, ಬಣ್ಣ ಬ್ಯಾರೆ ತೋರಸ್ರಿ" ಎಂದು ಮತ್ತೊಂದು ರಾಶಿ ಬಿಚ್ಚಿಸಿ, ಕಡೆಗೆ "ನಾಳೆ ನಮ್ಮ ಮಾವಶಿನ್ನ ಕರ್ಕೊಂಡು ಬರ್ತೇವ್ರಿ" ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ. ಅವರು ಮೂಲೆ ತಿರುಗುವವರೆಗೂ ನಾನು ನಗುತ್ತಲೇ ಇರುತ್ತೇನೆ, ಹೊಟ್ಟೆಯೊಳಗೆ ಮಾತ್ರ ಅವರ ವಂಶವನ್ನೆಲ್ಲ ಜಾಲಾಡುತ್ತಿರುತ್ತೇನೆ. ಅಂಥ ನಾನೇ ಒಂದು ಚಾಕುವಿನ ಅಲಗು ಆರಿಸಲು ಹೋಗಿ ಅದೇ ಜಾತಿಯ ಗಿರಾಕಿಯಾದೆ ಎಂದು ಗೊತ್ತಾದರೆ ನನ್ನ ಹಳೆಯ ಗಿರಾಕಿಗಳು ಪೇಢೆ ಹಂಚಿಯಾರು.

ನಮ್ಮಜ್ಜನದೊಂದು ಮಡಚುವ ಚಾಕು ಇತ್ತು. ಶೀಸಮ್ ಕಟ್ಟಿಗೆಯ ಹಿಡಿ, ತುದಿಗೆ ಹಿತ್ತಾಳೆ. ಅಜ್ಜ ಅದರಿಂದ ಹಣ್ಣು ಬಿಟ್ಟು ಬೇರೇನೂ ಹೆಚ್ಚಿದವನಲ್ಲ. ಮಸೆದು ಮಸೆದು ಕಡ್ಡಿಯಂತಾಗಿದ್ದ ಅಲಗು ಒಂದು ದಿನ ಪೇರಲಹಣ್ಣಿನೊಳಗೇ ಮುರಿಯಿತು. ಹಿಡಿ ಮಾತ್ರ ಕಸಬೆ ಡಿಗ್ರಜದಲ್ಲಿರುವ ಕುಸುಮಾ ಆತ್ಯಾಳ, ಎಂದರೆ ನಮ್ಮಪ್ಪನ ಅಕ್ಕನ, ಟ್ರಂಕು ಸೇರಿತು. ಅದಕ್ಕೆ ಹೊಸ ಅಲಗು ಹಾಕಿಸಿ ಕಿಸೆಯಲ್ಲಿಟ್ಟುಕೊಂಡು ಮೆರೆಯಬೇಕೆಂಬುದು ನನ್ನ ಚಡ್ಡಿ ವಯಸ್ಸಿನ ಆಸೆ. ಈಗ ಧೈರ್ಯ ಮಾಡಿ ಕೇಳಿದೆ. ಆತ್ಯಾ ಕನ್ನಡಕ ಏರಿಸಿ, "ಸನ್ಮತಿ, ಅಲಗು ನಾ ನೋಡಿ ಪಸಂದ ಮಾಡ್ಬೇಕು. ಮಾಡಿದ್ನೆಪಾ, ಹಿಡಿ ನಿಂದು. ಇಲ್ಲಂದ್ರ ನಮ್ಮ ಕುಪವಾಡದ ಅಳಿಯಗ ಕೊಡ್ತೇನಿ" ಎಂದಳು. ಆ ಅಳಿಯನೋ, ಕೈಗೆ ಸಿಕ್ಕಿದ್ದರಿಂದೆಲ್ಲ ಪೇಂಟಿನ ಡಬ್ಬಿಯ ಮುಚ್ಚಳ ಎಬ್ಬಿಸುವ ಮನುಷ್ಯ.

ಅಲಗಿಗಾಗಿ ಮಿರಜಿನ ಸ್ಟೇಶನ್ ಎದುರಿನ ಇಕ್ಬಾಲ್ ಭಾಯಿಯ ಚಾಕು ಅಂಗಡಿಗೆ ಹೋದೆ. ಹಿಡಿಯ ಅಳತೆಯನ್ನು ಕಾಗದದಲ್ಲಿ ಕತ್ತರಿಸಿಕೊಂಡು, ಥೇಟ್ ಕುಪ್ಪಸ ಹೊಲಿಸಲು ಹೋದವರಂತೆ ಹೋದೆ. ಇಕ್ಬಾಲ್ ಭಾಯಿ ಮಾತಿನ ಮಲ್ಲ. "ಶೇಠಜಿ, ನಿಮ್ಮಂಥವರಿಗೆ ಡಮಾಸ್ಕಸ್ಸ ಬೇಕ್ರಿ!" ಎಂದು ಮಖಮಲ್ಲಿನ ಬಟ್ಟೆ ಬಿಚ್ಚಿದ. ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿದು, ಕಡೆಗೆ ಆಸಿಡ್ಡಿನಲ್ಲಿ ಅದ್ದಿದರೆ ಮೈಮೇಲೆ ಅಲೆ ಅಲೆಯಾಗಿ ಚಿತ್ತಾರ ಏಳುತ್ತದಂತೆ. ಒಂದರ ಮೇಲೆ ಏಣಿಯ ಮೆಟ್ಟಿಲು, ಒಂದರ ಮೇಲೆ ಹಕ್ಕಿಯ ಗರಿ, ಒಂದರ ಮೇಲೆ ನೀರಲ್ಲಿ ಬಿದ್ದ ಹನಿಗಳ ಉಂಗುರ. ಅಯ್ಯಯ್ಯೋ, ನನಗೆ ತಲೆ ಗಿರ್ರೆಂದಿತು! ಗರಿ ನೋಡಿದರೆ ಏಣಿ ಬೇಡ, ಹನಿ ನೋಡಿದರೆ ಗರಿ ಬೇಡ. "ಇದ ಚಿತ್ತಾರದಾಗ ಬಣ್ಣ ಬ್ಯಾರೆ ಐತೇನ್ರಿ?" ಎಂದು ನಾನು ಕೇಳಿಯೇಬಿಟ್ಟೆ. ಇಕ್ಬಾಲ್ ಭಾಯಿ ನಗುತ್ತಲೇ ಇದ್ದ. ಆ ನಗೆಯ ಅರ್ಥ ನನಗಲ್ಲದೆ ಇನ್ನಾರಿಗೆ ಗೊತ್ತಾದೀತು?

ಹೀಗೆ ಮಿರಜಿನ ವಾರಿ, ತೀರ್ಥಯಾತ್ರೆಯೇ ಅನ್ನಿ, ಶುರುವಾಯಿತು. "ಅಂಗಡಿ ನಾ ನೋಡ್ಕೊಂತೇನಿ, ನೀವು ಅಲಗು ಹುಡುಕ್ರಿ. ನನ್ನ ನೋಡಾಕ ಬಂದಾಗ ಚಾ ಆರೂದರಾಗ ಹೂಂ ಅಂದಿದ್ರಿ" ಎಂದು ಹೆಂಡತಿ ಚುಚ್ಚಿದಳು. ಹೋದಾಗಲೆಲ್ಲ ಎದುರಿನ ಗಾಡಿಯಿಂದ ಬಿಸಿ ಬಿಸಿ ಭಜಿಯ ಎರಡು ಪ್ಲೇಟು ಬರುತ್ತಿದ್ದವು. ನಮ್ಮದು ಜೈನರ ಮನೆ, ಉಳ್ಳಾಗಡ್ಡಿ ಹೊಸ್ತಿಲು ದಾಟುವುದಿಲ್ಲ. ಭಜಿಯಲ್ಲಿ ಏನಿತ್ತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಕೇಳದ್ದನ್ನು ಹೇಳುವುದು ಸಭ್ಯತೆಯಲ್ಲ.

ಅಂತೂ ಹನಿಯ ಚಿತ್ತಾರದ ಅಲಗೇ ನನ್ನದು ಎಂದು ನಿಶ್ಚಯಿಸಿ, ಆಷಾಢದ ಒಂದು ಮಧ್ಯಾಹ್ನ ಆತ್ಯಾಳನ್ನು ರಿಕ್ಷಾದಲ್ಲಿ ಕರೆದೊಯ್ದೆ. ಅಜ್ಜನ ಹಿಡಿ ಅವಳ ಬಟವೆಯಲ್ಲೇ ಇತ್ತು. "ಡಮಾಸ್ಕಸ್ ಎಲ್ಲಿ ಬಂತೋ? ಜಯಸಿಂಗಪುರದ ಆಚೀಕೇನು?" ಎಂದಳು. "ಭಾಳ ದೂರ್ರಿ ಆತ್ಯಾ. ಆದ್ರ ಇದನ್ನ ಮಾಡಿದ್ದು ಕುಪವಾಡದಾಗ" ಎಂದೆ. ಕುಪವಾಡ ಎಂದದ್ದೇ ಅವಳ ಮುಖ ಅರಳಿತು, ಅಳಿಯನ ಊರಲ್ಲವೇ! ಅಲಗನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಛಂದ ಐತಿ" ಎಂದು ಬಟವೆಯ ದಾರ ಸಡಿಲಿಸಿದಳು. ನಾನು ಅಲ್ಲೇ ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಇಕ್ಬಾಲ್ ಭಾಯಿಗೆ ಉಮೇದು ಉಕ್ಕಿತು. "ಧಾರ ನೋಡ್ರಿ ಅವ್ವಾರ!" ಎಂದವನೇ ಮೇಜಿನಡಿಯಿಂದ ಗುಂಡಗಿನ ಉಳ್ಳಾಗಡ್ಡಿಯೊಂದನ್ನು ತೆಗೆದು, ಅದೇ ಅಲಗಿನಿಂದ ಸರ್ರನೆ ಹೆಚ್ಚಿ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗಿನ ಬಿಲ್ಲೆಯನ್ನು ಆತ್ಯಾಳ ಮೂಗಿನ ಮುಂದೆ ಹಿಡಿದ.

"ಅಯ್ಯ ನನ್ನ ಶಿವನ!" ಎನ್ನಲು ನಾವು ಲಿಂಗಾಯತರಲ್ಲ. ಆತ್ಯಾ ಸೆರಗು ಮೂಗಿಗೆ ಒತ್ತಿ, ಬಟವೆಯ ದಾರ ಬಿಗಿದು, ಎದ್ದೇಬಿಟ್ಟಳು. "ಇದನ್ನ ಮುಟ್ಟಿದ ಅಲಗು ನಮ್ಮಪ್ಪನ ಹಿಡಿಗೆ ಬರಂಗಿಲ್ಲ!"

ಪಾಪ, ಇಕ್ಬಾಲ್ ಭಾಯಿ ಕಕ್ಕಾಬಿಕ್ಕಿಯಾದ. "ನನಗ ಏನ್ ಗೊತ್ರಿ ಅವ್ವಾರ? ಶೇಠಜಿ ಬಂದಾಗೆಲ್ಲ ಎರಡೆರಡು ಪ್ಲೇಟ್ ಕಾಂದಾ ಭಜಿ ತಿಂತಾರಲ್ರಿ! ಅದಕ್ಕ, ನಿಮ್ಮನ್ಯಾಗ ಉಳ್ಳಾಗಡ್ಡೀನ ಭಾಳ ಹೆಚ್ಚತೀರಿ ಅಂತ ತಿಳಿದು, ಬೇಕಂತ ತರಿಸಿದ್ದೆ."

ಅಂಗಡಿಯಲ್ಲಿದ್ದ ಚಾಕುಗಳೆಲ್ಲ ನನ್ನತ್ತಲೇ ತಿರುಗಿದಂತಾಯಿತು. ಆತ್ಯಾ ನನ್ನನ್ನು ನೋಡಿದಳು. ನಾನು ಹನಿಯ ಚಿತ್ತಾರವನ್ನು ಬಹಳ ಆಸಕ್ತಿಯಿಂದ ನೋಡಿದೆ. ಹಿಡಿ ಹೋಯಿತು, ಪೇಂಟಿನ ಡಬ್ಬಿಯ ಪಾಲಾಯಿತು ಎಂದುಕೊಂಡೆ. ಆದರೆ ಆತ್ಯಾ ಮೆಲ್ಲಗೆ ಮತ್ತೆ ಕುಳಿತಳು. ಸೆರಗಿನ ಹಿಂದೆ ನಗುತ್ತಿದ್ದಳೋ ಏನೋ, ಅವಳ ಹೊಟ್ಟೆ ಕುಲುಕುತ್ತಿತ್ತು.

"ಅಲಗಿಂದೇನ ತಪ್ಪಿಲ್ಲ ಬಿಡು. ಬೆಂಕ್ಯಾಗ ಹುಟ್ಟಿದ್ದು, ತೊಳದ್ರ ಆತು" ಎಂದಳು. "ತೊಳೀಬೇಕಾಗಿದ್ದು ನಿನ್ನ ಬಾಯಿ. ಈ ಚಾತುರ್ಮಾಸ ಪೂರಾ ಉಳ್ಳಾಗಡ್ಡಿ ಬಿಡ್ತೇನಿ ಅಂತ ನೇಮ ಹಿಡಿ, ಈ ಹಿಡಿ ತಗೊ. ಆಗಂಗಿಲ್ಲಂದ್ರ ಹೇಳು, ಕುಪವಾಡ ಇಲ್ಲೇ ಐತಿ."

ಹಿಡಿದೆ, ಎರಡನ್ನೂ.

ಈಗ ಚಾಕು ನನ್ನ ಕಿಸೆಯಲ್ಲಿದೆ. ನಿಜ ಹೇಳುತ್ತೇನೆ, ಅಂಥ ಚೆಲುವಾದ ಚಾಕು ಸಾಂಗ್ಲಿ ಮಿರಜಿನಲ್ಲಿ ಇನ್ನೊಂದಿಲ್ಲ. ಅದಕ್ಕೆ ಹಚ್ಚುವ ಎಣ್ಣೆ ತರಲು ಮೊನ್ನೆ ಮಿರಜಿಗೆ ಹೋಗಿದ್ದೆ. ಭಜಿಯವನು ದೂರದಿಂದಲೇ ಭಜಿ ತೆಗೆಯುವ ಜಾರಾ ಎತ್ತಿ, "ಯಾ ಶೇಠ, ಗರಮ್ ಗರಮ್!" ಎಂದು ಮರಾಠಿಯಲ್ಲಿ ಕರೆದ. ನಾನು ಪಕ್ಕದ ಗಾಡಿಯಲ್ಲಿ ಒಂದು ಬಾಳೆಹಣ್ಣು ಕೊಂಡು, ಸುಲಿದು, ಅಜ್ಜನ ಚಾಕುವನ್ನು ಠಕ್ಕನೆ ಬಿಚ್ಚಿ, ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚತೊಡಗಿದೆ. ಗಾಳಿ ಭಜಿಯ ಕಡೆಯಿಂದಲೇ ಬೀಸುತ್ತಿತ್ತು. ಉಳ್ಳಾಗಡ್ಡಿ ಹೆಚ್ಚದೆಯೂ ಕಣ್ಣಲ್ಲಿ ಇಷ್ಟು ನೀರು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.