ಜೀನ್ಸ್ ಹೊಲಿಯುವವರು ಓಟಕ್ಕೆ ನಿಂತಾಗ

ಬಳ್ಳಾರಿಯ ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ ಒಂದು ದಿನ ಏನೂ ಎಡವಟ್ಟಾಗಲಿಲ್ಲ ಅಂದರೆ ಅವತ್ತು ಭಾನುವಾರ ಅಂತ ತಿಳಿಯಬೇಕು. ನಾನು ಇಲ್ಲಿ ಚೆಕಿಂಗ್ ಕೆಲಸದವಳು. ಹೊಲಿದು ಬಂದ ಜೀನ್ಸ್ ಪ್ಯಾಂಟನ್ನು ಒಳಗೆ ಹೊರಗೆ ತಿರುಗಿಸಿ ನೋಡಿ, ಬಿಟ್ಟ ದಾರ ಕತ್ತರಿಸಿ, ಹೊಲಿಗೆ ತಪ್ಪಿದ್ದನ್ನು ವಾಪಸ್ ಕಳಿಸೋದು. ಹದಿನಾಲ್ಕು ವರ್ಷದಿಂದ ಬೇರೆಯವರ ತಪ್ಪು ಹುಡುಕೋದೇ ಕಸುಬಾದ್ದರಿಂದ ಎಡವಟ್ಟುಗಳು ನನ್ನ ಕಣ್ಣು ತಪ್ಪಿಸಿ ಹೋಗೋದು ಕಷ್ಟ. ಆದರೂ ನಾವು ನಾಲ್ಕು ಮಂದಿ ಓಟದ ತಯಾರಿ ಮಾಡಿದ ಆ ಎರಡು ತಿಂಗಳಲ್ಲಿ ಆದಷ್ಟು ಬೇರೆ ಯಾವತ್ತೂ ಆಗಿಲ್ಲ.

ಹೆಸರು ಕೊಟ್ಟಿದ್ದು

ನಮ್ಮ ಪ್ಯಾಕಿಂಗ್ ಅಕ್ಕನ ತವರುಮನೆ ಹಚ್ಚೊಳ್ಳಿ. ಅಲ್ಲಿರುವ ಅವಳ ಅಣ್ಣನಿಗೆ ಕಿಡ್ನಿ ಕೆಟ್ಟಿದೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬಳ್ಳಾರಿಗೆ ಬರಬೇಕು. ಸಿರುಗುಪ್ಪದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಸೀಟು ಸಿಕ್ಕರೆ ಅವನ ಪುಣ್ಯ.

ಇಂಥ ರೋಗಿಗಳನ್ನು ಹಳ್ಳಿಯಿಂದ ಕರೆತರೋಕೆ ಒಂದು ಗಾಡಿ ತಗೋಬೇಕು ಅಂತ ಬಳ್ಳಾರಿಯ ಕೆಲವರು ಸೇರಿ ಓಟ ಇಟ್ಟಿದ್ದರು. ಐದು ಕಿಲೋಮೀಟರ್. ನಾಲ್ಕು ಜನರ ತಂಡ. ನಾಲ್ವರೂ ಕೊನೆಯ ಗೆರೆ ದಾಟಿದರೆ ಮಾತ್ರ ಆ ತಂಡ ಕೆಲಸ ಮಾಡುವ ಕಡೆಯ ಮಾಲೀಕರು ಗಾಡಿಗೆ ಏನಾದರೂ ಕೊಡಬೇಕು. ಒಬ್ಬರು ಕೈಕೊಟ್ಟರೂ ಏನೂ ಇಲ್ಲ.

ಅಕ್ಕ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಆ ಪಾಂಪ್ಲೆಟ್ ತಂದು ನಡುವೆ ಇಟ್ಟಳು. ಮ್ಯಾನೇಜರು, "ನಾನು ಕಾಲೇಜಿನಾಗ ಓಡ್ತಿದ್ದೆ" ಅಂತ ಮೊದಲು ತಮ್ಮ ಹೆಸರು ಬರೆದುಕೊಂಡರು. ನಾನೂ ಹೂಂ ಅಂದೆ. ಅಕ್ಕ ಸೇರಿ ಮೂರಾಯಿತು. ನಾಲ್ಕನೆಯವರು ಯಾರು ಅಂದಾಗ ಎಲ್ಲರೂ ತಟ್ಟೆ ನೋಡತೊಡಗಿದರು.

ಕಿಟಕಿ ಹತ್ತಿರ ಕಟಿಂಗ್ ಮಾಸ್ಟರು ಬೆನ್ನು ತಿರುಗಿಸಿ ಫೋನಿನಲ್ಲಿದ್ದರು. ಐವತ್ತಾರು ವರ್ಷ. ಬಾಗಿಲಲ್ಲಿ ಮೊದಲು ಹೊಟ್ಟೆ ಬರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮಾಸ್ಟರು ಬರುತ್ತಾರೆ. ಆಗ ಅವರು ಫೋನಿನಲ್ಲಿ, "ಹೂಂ, ಆತು, ಬರ್ತೀನಿ, ಖಂಡಿತ ಬರ್ತೀನಿ" ಅಂದರು. ಮ್ಯಾನೇಜರು ಥಟ್ಟನೆ ಬರೆದುಬಿಟ್ಟರು.

"ಅರೆ! ಅದು ನಮ್ಮ ಮನಿಯಾಕಿಗೆ ಹೇಳಿದ್ದು ಸಾರ್, ಮದುವಿಗೆ ಬರ್ತೀನಿ ಅಂತ!"

"ಪೆನ್ನಿನಾಗ ಬರದಾಗೈತಿ ಮಾಸ್ಟರ್. ಅಳಿಸಾಕ ಬರಂಗಿಲ್ಲ."

ಅದು ಪೆನ್ಸಿಲ್ಲು. ಹದಿನಾಲ್ಕು ವರ್ಷದಲ್ಲಿ ನಾನು ಕಣ್ಣಾರೆ ಕಂಡೂ ಪಾಸ್ ಮಾಡಿದ ತಪ್ಪು ಅದೊಂದೇ.

ಕಳ್ಳ ಸಿಕ್ಕ

ಮೊದಲ ದಿನ ಬೆಳಿಗ್ಗೆ ಐದೂವರೆಗೆ ಕೋಟೆ ಗುಡ್ಡದ ಕೆಳಗೆ ಸೇರಿದೆವು. ಮ್ಯಾನೇಜರು ಹೊಸ ಬೂಟು, ಹೊಸ ಬನಿಯನ್ನು. ಅಕ್ಕ ಮಗನ ಬೂಟು ಹಾಕಿಕೊಂಡು ಬಂದಿದ್ದಳು. ನಾನು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದಿದ್ದೆ. ಮಾಸ್ಟರು ಪೈಜಾಮದ ಮೇಲೆ ಮಫ್ಲರ್ ಸುತ್ತಿಕೊಂಡು ನಿಂತಿದ್ದರು.

"ಒನ್, ಟೂ, ತ್ರೀ" ಅಂದವರೇ ಮ್ಯಾನೇಜರು ಓಡಿದರು. ಕಾಲೇಜಿನಲ್ಲಿ ಓಡಿದ್ದು ಸುಳ್ಳಲ್ಲ, ಬಾಣದಂಗೆ ಹೋದರು. ಅವರ ಹಿಂದೆ, "ಸಾರ್, ನಿಲ್ರಿ! ನಿಲ್ರಿ ಸಾರ್!" ಅಂತ ಕೂಗುತ್ತಾ ನಾನು, ನನ್ನ ಹಿಂದೆ ಅಕ್ಕ, ಬಹಳ ಹಿಂದೆ ಮಾಸ್ಟರು.

ರಸ್ತೆ ಪಕ್ಕದಲ್ಲಿ ಒಬ್ಬ ಆಟೋದವನು ಗಾಜು ಒರೆಸುತ್ತಿದ್ದ. ಅವನು ಕಂಡದ್ದು ಇಷ್ಟು: ಮುಂದೆ ಒಬ್ಬ ಗಂಡಸು ಓಡುತ್ತಿದ್ದಾನೆ, ಹಿಂದೆ ಇಬ್ಬರು ಹೆಂಗಸರು ನಿಲ್ಲು ನಿಲ್ಲು ಅಂತ ಕೂಗುತ್ತಿದ್ದಾರೆ. ಒರೆಸುವ ಬಟ್ಟೆ ಬಿಸಾಕಿ ಆಟೋ ಚಾಲೂ ಮಾಡಿದ. ನಮ್ಮನ್ನು ದಾಟಿ ಹೋಗಿ ಮ್ಯಾನೇಜರ ಮುಂದೆ ಅಡ್ಡ ನಿಲ್ಲಿಸಿ, ಇಳಿದು ಕೊರಳಪಟ್ಟಿಗೇ ಕೈ ಹಾಕಿದ.

"ಸಿಕ್ಕ ನೋಡ್ರಿ ಅಕ್ಕಾ! ಏನ್ ಕಸ್ಕಂಡು ಓಡಿದ? ಸರಾನಾ?"

"ಏ ಬಿಡ್ರೀ! ನಾನು ಮ್ಯಾನೇಜರ್ ಅದೀನಿ!"

"ಮ್ಯಾನೇಜರ್ ಆದ್ರ ಕದಿಬೌದೇನು?"

ನನಗೂ ಅಕ್ಕನಿಗೂ ನಗು ತಡೆಯಲಾಗದೆ ಬಾಯಿಂದ ಮಾತೇ ಹೊರಡಲಿಲ್ಲ. ಸೆರಗಿಲ್ಲದ್ದಕ್ಕೆ ವೇಲಿನ ತುದಿ ಬಾಯಿಗೆ ಒತ್ತಿಕೊಂಡೆ. ಆಟೋದವನು ನಾವು ಅಳುತ್ತಿದ್ದೇವೆ ಅಂದುಕೊಂಡು ಹಿಡಿತ ಇನ್ನೂ ಬಿಗಿ ಮಾಡಿದ. ಅಷ್ಟರಲ್ಲಿ ಮಾಸ್ಟರು ಬಂದು ಮುಟ್ಟಿದರು.

"ಹಿರಿಯರು ಬಂದ್ರು. ನೀವು ಹೇಳ್ರಿ ಚಾಚಾ, ಇವನೇ ಹೌದಲ್ರಿ?"

ಮಾಸ್ಟರು ಸೊಂಟಕ್ಕೆ ಕೈ ಕೊಟ್ಟು, ಏದುಸಿರು ಬಿಡುತ್ತಾ, ಹೌದು ಹೌದು ಅಂತ ತಲೆ ಆಡಿಸಿದರು.

ಮ್ಯಾನೇಜರನ್ನು ಬಿಡಿಸಿಕೊಳ್ಳೋಕೆ ನಮಗೆ ಕಾಲು ಗಂಟೆ ಹಿಡಿಯಿತು. ಆಮೇಲೆ ನಾನು ಮಾಸ್ಟರ್‌ಗೆ, "ಪಾಪ, ಉಸಿರಿಲ್ಲದ್ದಕ್ಕ ತಲಿ ಅಲ್ಲಾಡಿತಲ್ರಿ ನಿಮಗ?" ಅಂದೆ.

"ಇಲ್ಲ ತಂಗಿ," ಅಂದರು ಮಾಸ್ಟರು ಮೆಲ್ಲಗೆ, "ಈದ್‌ಗೆ ಎರಡು ದಿನ ರಜಾ ಕೇಳಿದ್ರ ಒಂದೇ ಕೊಟ್ಟಿದ್ದ."

ಇಪ್ಪತ್ತೆರಡು ಸಾವಿರ ಹೆಜ್ಜೆ

ಮ್ಯಾನೇಜರು ನಮ್ಮೆಲ್ಲರ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಸಿದರು. ದಿನಾ ಸಂಜೆ ಯಾರು ಎಷ್ಟು ಹೆಜ್ಜೆ ಅಂತ ಗ್ರೂಪಿನಲ್ಲಿ ಹಾಕಬೇಕು. ಮಾಸ್ಟರದ್ದು ಮೊದಲ ವಾರ ದಿನಕ್ಕೆ ಮೂರು ಸಾವಿರ. ಎರಡನೇ ವಾರ ಇದ್ದಕ್ಕಿದ್ದಂತೆ ಇಪ್ಪತ್ತೆರಡು ಸಾವಿರ.

"ನೋಡಿ ಕಲೀರಿ!" ಅಂತ ಮ್ಯಾನೇಜರು ಎಲ್ಲರ ಮುಂದೆ ಚಪ್ಪಾಳೆ ಹೊಡೆಸಿದರು. ಮಾಸ್ಟರು ತಲೆ ಬಗ್ಗಿಸಿ ಸಂಕೋಚ ಪಟ್ಟರು. ಆ ಸಂಕೋಚ ನೋಡಿಯೇ ನನಗೆ ಅನುಮಾನ ಬಂತು.

ಮರುದಿನ ಗುಂಡಿಗೆ ಕಾಜಾ ಹೊಲಿಯುವ ಮಷೀನಿನ ಹತ್ತಿರ ಹೋದೆ. ಆ ಮಷೀನು ಶುರುವಾದರೆ ಮೇಜೆಲ್ಲಾ ಗಡಗಡ ನಡುಗುತ್ತದೆ. ಮೇಜಿನ ಕಾಲಿಗೆ ಎಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ ಮಾಸ್ಟರ ಫೋನು ಅದರ ಜೊತೆ ಕುಣಿಯುತ್ತಿತ್ತು. ಮಷೀನಿನ ಮುಂದೆ ಕೂತ ಹೆಂಗಸು, "ಮಾಸ್ಟರ್ ಹೇಳ್ಯಾರ, ಮುಟ್ಟಬ್ಯಾಡ್ರಿ. ಫೋನ್ ವಾಕಿಂಗ್ ಮಾಡಾಕತ್ತೈತಂತ" ಅಂದಳು.

ಇಂಥ ಮೋಸ ಕಂಡ ಮೇಲೆ ಸುಮ್ಮನಿರೋದು ತಪ್ಪು. ನಾನು ಆ ಕ್ಷಣವೇ ಇನ್ನೊಂದು ಎಲಾಸ್ಟಿಕ್ ಹುಡುಕಿ ತಂದು ನನ್ನ ಫೋನನ್ನೂ ಕಟ್ಟಿದೆ. ಗುರುವಾರದ ಹೊತ್ತಿಗೆ ಅಕ್ಕನದೂ ಬಂತು.

ಶನಿವಾರ ಮಾಸ್ಟರ ಫೋನಿಗೆ ಆ ಆ್ಯಪ್‌ನಿಂದ ಒಂದು ಮೆಸೇಜು: ನೀವು ಮೈಗೆ ಬಹಳ ಶ್ರಮ ಕೊಡುತ್ತಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಿ. ಮಾಸ್ಟರು ಓಡಿ ಹೋಗಿ ಮ್ಯಾನೇಜರಿಗೆ ತೋರಿಸಿದರು. ನಿಜವಾಗಿ ಅವರು ಓಡಿದ್ದು ನಾನು ಕಂಡದ್ದು ಅದೇ ಮೊದಲು.

"ನಾ ಹೇಳಾಕತ್ತಿಲ್ಲ ಸಾರ್, ಫೋನ್ ಹೇಳಾಕತ್ತೈತಿ."

ಮ್ಯಾನೇಜರಿಗೆ ಕನಿಕರ ಬಂದು ಸೋಮವಾರ ಪೂರ್ತಿ ರಜೆ ಕೊಟ್ಟು ಮನೆಗೆ ಕಳಿಸಿದರು. ಆದರೆ ತೋರಿಸಿ ಬಂದು ಮತ್ತೆ ಮಷೀನಿಗೆ ಕಟ್ಟಿದ್ದ ಫೋನನ್ನು ಬಿಚ್ಚುವುದನ್ನು ಮಾಸ್ಟರು ಮರೆತಿದ್ದರು. ಮಾಸ್ಟರು ಮಲಗಿದ್ದ ದಿನ ಅವರ ಲೆಕ್ಕ ಇಪ್ಪತ್ತೇಳು ಸಾವಿರ ಹೆಜ್ಜೆ.

"ಇದೇನ್ ಮಾಸ್ಟರ್, ರೆಸ್ಟ್ ತಗೊಂಡ ದಿನ ಇಷ್ಟು?"

"ಏನ್ ಹೇಳ್ಲಿ ಸಾರ್," ಅಂದರು ಮಾಸ್ಟರು, "ನಿದ್ದಿಯಾಗೂ ಅದ ಚಿಂತಿ."

ಕುರುಗೋಡಿನ ಪಥ್ಯ

ಆಮೇಲೆ ಫೋನು ಬೇಡ, ನನ್ನ ಕಣ್ಣೆದುರೇ ಓಡಬೇಕು ಅಂತ ಮ್ಯಾನೇಜರ ಹುಕುಂ ಆಯಿತು. ಜೊತೆಗೆ ಪಥ್ಯ. ಬಜ್ಜಿ ಬಂದ್, ಒಗ್ಗರಣೆ ಮಂಡಕ್ಕಿ ಬಂದ್, ಮಿರ್ಚಿ ಬಜ್ಜಿಯಂತೂ ಕಣ್ಣೆತ್ತಿ ನೋಡುವಂತಿಲ್ಲ. ಬಳ್ಳಾರಿಯಲ್ಲಿ ಹುಟ್ಟಿದವರಿಗೆ ಮುಂಜಾನೆ ಮಿರ್ಚಿ ತಿನ್ನಬೇಡ ಅನ್ನೋದು ಉಸಿರಾಡಬೇಡ ಅಂದಂಗೆ.

ಒಂದು ಭಾನುವಾರ ಕುರುಗೋಡಿಗೆ ಹೋಗಿ ಗುಡ್ಡದ ರಸ್ತೆಯಲ್ಲಿ ಓಡಿದೆವು. ಮ್ಯಾನೇಜರು ಬೈಕಿನಲ್ಲಿ ಬಂದಿದ್ದರು, ನಾವು ಮೂವರು ಬಸ್ಸಿನಲ್ಲಿ. ಓಟ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಸೌತೆಕಾಯಿ ಕೊಟ್ಟು, "ಸೀದಾ ಮನಿಗೆ ಹೋಗ್ರಿ" ಅಂತ ಹೇಳಿ ಅವರು ಬೈಕ್ ಹತ್ತಿದರು.

ಅವರು ಮರೆಯಾದ ಕೂಡಲೇ ಅಕ್ಕನಿಗೆ ಗುಡಿಗೆ ಹೋಗೋದು ನೆನಪಾಯಿತು. ಮಾಸ್ಟರಿಗೆ ಒಬ್ಬ ನೆಂಟರು ನೆನಪಾದರು. ನನಗೆ ತರಕಾರಿ ಕೊಳ್ಳಬೇಕಿತ್ತು. ಐದು ನಿಮಿಷದಲ್ಲಿ ನಾವು ಮೂವರೂ ಬಸ್‌ಸ್ಟ್ಯಾಂಡ್ ಹತ್ತಿರದ ಒಂದೇ ಮಿರ್ಚಿ ಅಂಗಡಿಯಲ್ಲಿ ಎದುರಾಬದುರು ನಿಂತಿದ್ದೆವು. ಮೂರು ಪ್ಲೇಟ್ ಹೇಳಿದೆವು.

ಒಳಗೆ ಮೂಲೆ ಬೆಂಚಿನಲ್ಲಿ ಒಬ್ಬ ಗೋಡೆ ಕಡೆ ಮುಖ ಮಾಡಿ ಕೂತು ತಿನ್ನುತ್ತಿದ್ದ. ಅಂಗಡಿಯವನು, "ಸಾರ್, ಇನ್ನೊಂದು ಪ್ಲೇಟ್ ಹಾಕ್ಲೇನ್ರಿ?" ಅಂದ. ಆತ ಮಾತಾಡದೆ ಎರಡು ಬೆರಳು ತೋರಿಸಿದ. ಆ ಬೆರಳಿನ ಉಂಗುರ ನಮಗೆ ಚೆನ್ನಾಗಿ ಗೊತ್ತಿತ್ತು.

ಯಾರೂ ಗುರುತು ಹಿಡಿಯಬಾರದು ಅಂತ ನಮ್ಮ ಮ್ಯಾನೇಜರು ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದರು. ಮುಂದಿನ ಗಾಜನ್ನು ಮಾತ್ರ, ಒಂದು ಮಿರ್ಚಿ ಹೋಗುವಷ್ಟು, ಎತ್ತಿದ್ದರು.

ಹಚ್ಚೊಳ್ಳಿಯ ಕಾಲುವೆ

ಅಕ್ಕನ ಅಣ್ಣನನ್ನು ನೋಡೋಕೆ ಒಮ್ಮೆ ನಾವಿಬ್ಬರೇ ಹಚ್ಚೊಳ್ಳಿಗೆ ಹೋಗಿ ಉಳಿದೆವು. ಬೆಳಿಗ್ಗೆ ಎದ್ದು, ಒಂದು ದಿನವೂ ತಪ್ಪಬಾರದು ಅಂತ ಕಾಲುವೆ ದಾರಿಯಲ್ಲಿ ಓಟ ಶುರು ಮಾಡಿದೆವು. ಮನೆಯಲ್ಲಿ ಹೇಳಿರಲಿಲ್ಲ.

ಕಸ ಗುಡಿಸುತ್ತಿದ್ದ ಅಕ್ಕನ ಅವ್ವ ನೋಡಿದಳು. ಮಗಳು ಬೆಳಬೆಳಿಗ್ಗೆ ಕಾಲುವೆ ಕಡೆ ಓಡುತ್ತಿದ್ದಾಳೆ. "ಅಯ್ಯೋ ಹಿಡೀರ್ಯೋ!" ಅಂತ ಪೊರಕೆ ಹಿಡಿದುಕೊಂಡೇ ಹಿಂದೆ ಬಿದ್ದಳು. ಅವಳನ್ನು ನೋಡಿ ಪಕ್ಕದ ಮನೆಯವಳು, ಅವಳನ್ನು ನೋಡಿ ಹಾಲು ಹಿಂಡುತ್ತಿದ್ದ ಇಬ್ಬರು, ಅವರನ್ನು ನೋಡಿ ಇಡೀ ಓಣಿ. ತಿರುಗಿ ನೋಡಿದರೆ ಇಪ್ಪತ್ತು ಜನ ಕೂಗುತ್ತಾ ಬರುತ್ತಿದ್ದಾರೆ, ಎಲ್ಲರಿಗಿಂತ ಮುಂದೆ ಪೊರಕೆ.

"ಯಾಕ ಅಟ್ಟಿಸ್ಕಂಡ ಬರ್ತಾರ ಅಕ್ಕಾ?"

"ಗೊತ್ತಿಲ್ಲ, ಮೊದ್ಲು ಓಡು!"

ಹೆದರಿ ಇನ್ನೂ ಜೋರಾಗಿ ಓಡಿದೆವು. ತೂಬಿನ ಹತ್ತಿರ ಇನ್ನು ಆಗೋದಿಲ್ಲ ಅಂತ ನಿಂತಾಗ, ಅವ್ವ ನಮ್ಮನ್ನು ದಾಟಿ ಹೋಗಿ ಕಾಲುವೆಗೂ ನಮಗೂ ನಡುವೆ ಪೊರಕೆ ಅಡ್ಡ ಹಿಡಿದು ನಿಂತಿದ್ದಳು.

"ಏನಾತವ್ವ ನಿನಗ? ಗಂಡ ಏನರ ಅಂದನಾ?"

ಅಕ್ಕ ವಿಷಯ ಹೇಳಿದಳು. ಇಷ್ಟೂ ನಿನ್ನ ಮಗನ ಗಾಡಿಗೋಸ್ಕರ ಅಂದಳು. ಅವ್ವ ಪೊರಕೆ ಇಳಿಸಿ ನಮ್ಮನ್ನು ಮನೆಗೆ ಕರೆದುಕೊಂಡು ಬಂದಳು. ಮನೆ ಕಟ್ಟೆಯ ಮೇಲೆ ಕೂತಿದ್ದ ಅಣ್ಣ, ಎಲ್ಲಾ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕು ವರ್ಷವಾಗಿತ್ತು ಅಂತ ಅಕ್ಕ ಆಮೇಲೆ ಹೇಳಿದಳು.

ಅವ್ವ ಮಾತ್ರ ನಗಲಿಲ್ಲ. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಕೇಳಿದಳು: "ಎರಡು ತಿಂಗಳ ಕಲತು ಇಷ್ಟ ಓಡ್ತೀರೇನು?"

ಗೆರೆ

ಓಟದ ದಿನ ನಮ್ಮ ಮಾಲೀಕರು ಕಾರಿನಲ್ಲಿ ಬಂದಿಳಿದರು. ಗಾಡಿಗೆ ಏನು ಕೊಡ್ತೀರಿ ಅಂತ ಮೈಕಿನವರು ಕೇಳಿದರು. ಮಾಲೀಕರು ನಮ್ಮ ನಾಲ್ವರನ್ನು, ಅದರಲ್ಲೂ ಮಾಸ್ಟರನ್ನು, ಒಂದು ಸಲ ನೋಡಿ ಧೈರ್ಯದಿಂದ ಹೇಳಿದರು: "ನಾಲ್ಕು ಮಂದಿ ಗೆರಿ ದಾಟ್ಲಿ, ನಾಲ್ಕು ಟೈರ್ ನಂದು."

ನಾಲ್ಕನೇ ಕಿಲೋಮೀಟರಿನಲ್ಲಿ ಮಾಸ್ಟರು ಬಾಗಿಲು ಹಾಕಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನಂದು ಪಂಚರ್ ಆತು. ನೀವು ಹೋಗ್ರಿ."

ಅಕ್ಕ ಬಯ್ಯಲಿಲ್ಲ. "ನೀವು ಕುಂದರ್ರಿ ಚಾಚಾ. ನಮ್ಮಣ್ಣ ಬಸ್ಸಿನಾಗ ನಿಂತ್ಕಂಡ ಬರ್ತಾನ, ನಿಂತ್ಕಂಡ ಹೋಗ್ತಾನ. ರೂಢಿ ಆಗೈತಿ" ಅಂದು ತಾನೂ ಪಕ್ಕದಲ್ಲಿ ಕೂತಳು. ನಾನೂ ಕೂತೆ. ಮುಂದೆ ಹೋಗಿದ್ದ ಮ್ಯಾನೇಜರು ತಿರುಗಿ ಬಂದು ಅವರೂ ಕೂತರು. ಓಟದ ನಡುವೆ ನಾಲ್ಕು ಜನ ಸಾಲಾಗಿ ಮೆಟ್ಟಿಲ ಮೇಲೆ. ಒಂದು ನಿಮಿಷ ಆಗಿರಬೇಕು. ಮಾಸ್ಟರು ಮಫ್ಲರಿನಿಂದ ಕಣ್ಣು ಒರೆಸಿಕೊಂಡು ಎದ್ದರು. "ಏಳ್ರಿ, ಏಳ್ರಿ. ಮಂದಿ ನೋಡಿದ್ರ ಏನಂದಾರು!"

ನಾವು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಕೊನೆಯ ಗೆರೆಯ ಮೇಲೆ ಗಾಳಿ ತುಂಬಿದ ದೊಡ್ಡ ಕಮಾನು ನಿಲ್ಲಿಸಿದ್ದರು. ಇನ್ನು ಯಾರೂ ಬರೋದಿಲ್ಲ ಅಂತ ಯಾರೋ ಅದರ ಫ್ಯಾನ್ ಬಂದ್ ಮಾಡಿದರು. ಸರಿಯಾಗಿ ಆಗಲೇ ನಾವು ನಾಲ್ವರೂ ಕೈ ಕೈ ಹಿಡಿದು ಅದರ ಕೆಳಗೆ ನುಗ್ಗಿದೆವು. ಆ ಇಡೀ ಕಮಾನು ಬುಸ್ ಅಂತ ನಮ್ಮ ಮೇಲೆಯೇ ಕುಸಿಯಿತು.

ಒಳಗೆ ಕತ್ತಲು, ಸೆಕೆ, ಯಾರ ಕಾಲು ಯಾರದೋ ತಿಳಿಯದು. ತೆವಳಿ ಒಂದು ಕಡೆಯಿಂದ ನಾನು ಹೊರಬಂದೆ, ಆಮೇಲೆ ಅಕ್ಕ, ಆಮೇಲೆ ಮ್ಯಾನೇಜರು. ಮೂವರೂ ಗೆರೆಯ ಆಚೆ. ಮಾಸ್ಟರಿಲ್ಲ. ಬಟ್ಟೆಯೊಳಗೆ ಒಂದು ಉಬ್ಬು ಮಾತ್ರ ಅತ್ತಿತ್ತ ಓಡಾಡುತ್ತಿತ್ತು. ಕೊನೆಗೆ ಆ ಉಬ್ಬು ನಾವು ಓಡಿ ಬಂದ ಕಡೆಯೇ ಹೊರಬಿದ್ದು, ಎರಡೂ ಕೈ ಮೇಲೆತ್ತಿ, "ಮುಗೀತು!" ಅಂತ ಕೂಗಿತು.

"ಚಾಚಾ, ನೀವು ಈಕಡಿ ಅಲ್ಲ, ಆಕಡಿ ಅದೀರಿ!"

"ಸುತ್ತು ಹಾಕ್ಕಂಡು ಬರ್ರಿ!" ಅಂದರು ಮೈಕಿನವರು.

"ಇನ್ನೊಂದು ಹೆಜ್ಜಿ ಜಾಸ್ತಿ ಇಡಾಕ ಆಗಂಗಿಲ್ಲ" ಅಂದವರೇ ಮಾಸ್ಟರು ಮತ್ತೆ ಬಟ್ಟೆಯೊಳಗೇ ಹೊಕ್ಕರು. ಊರೆಲ್ಲಾ ಸೇರಿ ಆ ಉಬ್ಬಿಗೆ ಎಡಕ್ಕೆ ಬಲಕ್ಕೆ ಅಂತ ದಾರಿ ಹೇಳಿತು. ಕೊನೆಗೆ ನಮ್ಮ ಕಾಲ ಹತ್ತಿರ ಮೊದಲು ಹೊಟ್ಟೆ ಬಂತು, ಸ್ವಲ್ಪ ಹೊತ್ತಿನ ಮೇಲೆ ಮಾಸ್ಟರು ಬಂದರು. ಅಕ್ಕ ಅಳುತ್ತಾ ನಗುತ್ತಾ ಅವರಿಗೆ ನೀರು ಕುಡಿಸಿದಳು.

ಗೆರೆ ಕಾಯುವವರು ಮಾಲೀಕರ ಹತ್ತಿರ ಹೋಗಿ ಹೇಳಿದರು: "ಕಮಾನು ಬೀಳೂಕಿಂತ ಮೊದಲೇ ಇವರು ನಾಲ್ವರೂ ದಾಟಿದ್ರು ಸಾರ್, ನಾನೇ ನೋಡೀನಿ. ಹಿರಿಯರು ಕತ್ತಲದಾಗ ತಿರುಗಿ ವಾಪಸ್ ಹೋಗಿದ್ರು."

ಮಾಲೀಕರು ನಿಟ್ಟುಸಿರು ಬಿಟ್ಟು, "ಆತು, ನಾಲ್ಕು ಟೈರ್ ಕೊಟ್ಟೆ" ಅಂದರು.

ನೆಲದ ಮೇಲೆ ಅಂಗಾತ ಮಲಗಿದ್ದ ಮಾಸ್ಟರು ಒಂದೇ ಕಣ್ಣು ತೆರೆದರು.

"ನಾಲ್ಕಲ್ಲ ಸಾರ್, ಐದು. ನಾ ಎರಡು ಸಲ ಗೆರಿ ದಾಟೀನಿ. ಸ್ಟೆಪ್ನೀನೂ ನಿಮ್ಮದೇ."